ತಾಳ್ಮೆಯ ಮಾತು ಬೇಡ ಎಂದವರು

1958ರ ಮೇ 12. ವಾಷಿಂಗ್ಟನ್‌ನ ಸಭಾಂಗಣವೊಂದರಲ್ಲಿ ಅಮೆರಿಕದ ಊರೂರುಗಳಿಂದ ಬಂದ ನೂರಾರು ಕಪ್ಪು ಮುಖಂಡರು ಸೇರಿದ್ದರು. ಕಪ್ಪು ಜನರ ಪತ್ರಿಕೆಗಳ ಮಾಲೀಕರ ಸಂಘ ಕರೆದಿದ್ದ ಸಮಾವೇಶ ಅದು. ಬೇಸ್‌ಬಾಲ್ ಅಂಗಳದಲ್ಲಿ ಬಿಳಿಯರು ಕಟ್ಟಿಕೊಂಡಿದ್ದ ಬೇಲಿಯನ್ನು 1947ರಲ್ಲಿ ದಾಟಿ ಒಳಗೆ ಹೋಗಿದ್ದ ಜಾಕಿ ರಾಬಿನ್ಸನ್ ಕೂಡ ಬಂದು ಕೂತಿದ್ದರು. ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಭಾಷಣಕ್ಕೆ ಎದ್ದರು.

ಆ ಗಳಿಗೆಗಾಗಿ ಬಹಳ ಕಾಲದಿಂದ ಕಾದಿದ್ದ ಒಬ್ಬರು ಅಲ್ಲೇ ಇದ್ದರು. ಹೆಸರು ಇ. ಫ್ರೆಡರಿಕ್ ಮಾರೋ. ಶ್ವೇತಭವನದ ಅಧಿಕಾರಿವರ್ಗದಲ್ಲಿ ಜಾಗ ಪಡೆದ ಮೊಟ್ಟಮೊದಲ ಕಪ್ಪು ಮನುಷ್ಯ. ಅಧ್ಯಕ್ಷರು ಒಮ್ಮೆ ನಮ್ಮವರ ಮುಂದೆ ನಿಂತು ಮಾತಾಡಲಿ ಎಂದು ಒಳಗಿನಿಂದ ಕೇಳಿಕೊಳ್ಳುತ್ತಲೇ ಬಂದಿದ್ದವರು. ಭಾಷಣದ ಬಗ್ಗೆ ಅವರು ಮುಂಚೆಯೇ ಒಂದು ಎಚ್ಚರಿಕೆ ಕೊಟ್ಟಿದ್ದರು: ಏನು ಬೇಕಾದರೂ ಹೇಳಿ, ‘ತಾಳ್ಮೆ’ ಎಂಬ ಮಾತನ್ನು ಮಾತ್ರ ಎತ್ತಬೇಡಿ. ಮುನ್ನೂರು ವರ್ಷಗಳಿಂದ ಅದನ್ನೇ ಕೇಳಿಸಿಕೊಂಡ ಜನ ಇವರು.

ಬರೆದುಕೊಂಡಿದ್ದ ಮಾತುಗಳು ಚೆನ್ನಾಗಿಯೇ ಸಾಗಿದವು. ಕೊನೆಗೆ ಬಂದಾಗ ಅಧ್ಯಕ್ಷರು ಹಾಳೆ ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳತೊಡಗಿದರು. ಕಾನೂನೊಂದರಿಂದಲೇ ಎಲ್ಲ ಆಗುವುದಿಲ್ಲ, ಜನರ ಮನಸ್ಸು ಬದಲಾಗಬೇಕು, ಅಲ್ಲಿಯವರೆಗೆ ತಾಳ್ಮೆ ಬೇಕು, ಸೈರಣೆ ಬೇಕು ಎಂದರು. ಸಭೆ ತಣ್ಣಗಾಯಿತು. ಮಾರೋ ಅವರಿಗೆ ತಮ್ಮ ಜೀವದ ಬಲವೆಲ್ಲ ಉಡುಗಿದಂತಾಯಿತು. ಮರುದಿನವೇ ಜಾಕಿ ರಾಬಿನ್ಸನ್ ಅಧ್ಯಕ್ಷರಿಗೆ ಕಾಗದ ಬರೆದರು. ಜಗತ್ತಿನಲ್ಲಿ ನಮ್ಮಷ್ಟು ತಾಳಿದವರು ಯಾರೂ ಇಲ್ಲ, ಇನ್ನೂ ತಾಳಿ ಎನ್ನುತ್ತೀರಲ್ಲ ಎಂಬುದು ಅದರ ಸಾರ.

‘ತಾಳಿದವನು ಬಾಳಿಯಾನು’ ಎಂಬ ಗಾದೆ ನಮ್ಮಲ್ಲಿದೆ. ಕಷ್ಟದಲ್ಲಿರುವವನು ತನಗೆ ತಾನೇ ಹೇಳಿಕೊಂಡಾಗ ಅದು ದೊಡ್ಡ ಬಲ. ಅವನ ತಲೆಯ ಮೇಲೆ ಹೊರೆ ಹೊರಿಸಿದವನೇ ಅದನ್ನು ಹೇಳಿದಾಗ, ಮಾತು ಅದೇ ಇದ್ದರೂ ಅರ್ಥ ಬೇರೆಯಾಗುತ್ತದೆ. ಆ ವ್ಯತ್ಯಾಸ ಮಾರೋ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಅಧಿಕಾರದ ಮನೆಯೊಳಗೆ ಕೂತು ಐದೂವರೆ ವರ್ಷ ತಾಳಿದರು. ತಾಳುತ್ತಲೇ ಕಂಡದ್ದನ್ನೆಲ್ಲ ಬರೆದಿಟ್ಟರು.

ಗ್ರಂಥಾಲಯದ ಕಾವಲುಗಾರನ ಮಗ

ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿ ದಾಟಿದರೆ ನ್ಯೂಜೆರ್ಸಿ ರಾಜ್ಯದ ಹ್ಯಾಕೆನ್‌ಸ್ಯಾಕ್ ಸಿಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಾರೋ ಹುಟ್ಟಿದ್ದು ಅಲ್ಲಿ. ಅಜ್ಜ ಅಜ್ಜಿಯರ ಕಾಲಕ್ಕೆ ಮನೆತನ ಗುಲಾಮಗಿರಿಯಲ್ಲಿತ್ತು. ತಂದೆ ಜಾನ್ ಯೂಜಿನ್ ಮಾರೋ ಊರಿನ ಸಾರ್ವಜನಿಕ ಗ್ರಂಥಾಲಯವನ್ನು ಗುಡಿಸಿ, ಒರೆಸಿ, ಬೀಗ ಹಾಕಿ ನೋಡಿಕೊಳ್ಳುವವರು. ಮುಂದೆ ಮೆಥಡಿಸ್ಟ್ ಪಾದ್ರಿಯಾದರು. ಗ್ರಂಥಾಲಯ ನೋಡಿಕೊಳ್ಳುವವರ ಮಕ್ಕಳಿಗೆ ಪುಸ್ತಕಗಳ ಸಲುಗೆ ಸಿಕ್ಕಿತು. ಆ ಮನೆಯಿಂದ ಹೊರಬಂದ ಮಕ್ಕಳು ಒಂದೊಂದು ಮುಚ್ಚಿದ ಬಾಗಿಲನ್ನು ತಟ್ಟಿದವರೇ. ಅಕ್ಕ ನೆಲ್ಲಿ 1922ರಲ್ಲಿ ಹ್ಯಾಕೆನ್‌ಸ್ಯಾಕ್‌ನ ಸರ್ಕಾರಿ ಶಾಲೆಯ ಶಿಕ್ಷಕಿಯಾದರು. ಆ ಜಿಲ್ಲೆಯಲ್ಲೇ ಅಂಥ ಹುದ್ದೆಗೆ ಬಂದ ಮೊದಲ ಕಪ್ಪು ಹೆಣ್ಣುಮಗಳು. ಊರಿನಲ್ಲಿ ವಿರೋಧ ಎದ್ದಿತು, ಆಕೆ ಪಾಠ ಮಾಡುವುದನ್ನು ಬಿಡಲಿಲ್ಲ. ಇಂದು ಅದೇ ಊರಿನ ಒಂದು ಶಾಲೆ ಆಕೆಯ ಹೆಸರು ಹೊತ್ತಿದೆ. ಸೋದರ ಜಾನ್ ಫ್ರೆಂಚ್ ಭಾಷೆಯ ಪ್ರಾಧ್ಯಾಪಕರಾಗಿ, ಹೊಸದಾಗಿ ಸ್ವತಂತ್ರವಾಗಿದ್ದ ಗಿನಿ ದೇಶಕ್ಕೆ 1959ರಲ್ಲಿ ಅಮೆರಿಕದ ಮೊದಲ ರಾಯಭಾರಿಯಾಗಿ ಹೋದರು.

ಫ್ರೆಡರಿಕ್ ಮಾರೋ ಮೇನ್ ರಾಜ್ಯದ ಬೋಡಿನ್ ಕಾಲೇಜಿನಲ್ಲಿ ಓದಿದರು. ಅವರನ್ನು ಬಿಟ್ಟರೆ ಅಲ್ಲಿ ಇನ್ನೊಬ್ಬನೇ ಕಪ್ಪು ವಿದ್ಯಾರ್ಥಿ. 1937ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ದೊಡ್ಡ ಸಂಘಟನೆ ಎನ್‌ಎಎಸಿಪಿಯ ಕ್ಷೇತ್ರ ಕಾರ್ಯದರ್ಶಿಯಾದರು. ಊರಿಂದ ಊರಿಗೆ ಹೋಗಿ ಜನರನ್ನು ಸೇರಿಸುವ, ಶಾಖೆಗಳನ್ನು ಕಟ್ಟುವ ಕೆಲಸ. ಎರಡನೇ ಮಹಾಯುದ್ಧದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿ ಮೇಜರ್ ಆಗಿ ಹೊರಬಂದರು. ಅವರು ಸೇವೆ ಮಾಡಿದ ಸೇನೆಯಲ್ಲಿ ಕಪ್ಪು ಸೈನಿಕರ ದಳವೇ ಬೇರೆ, ಬಿಳಿಯರ ದಳವೇ ಬೇರೆ. ಯುದ್ಧ ಮುಗಿದ ಮೇಲೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1950ರಲ್ಲಿ ಸಿಬಿಎಸ್ ಪ್ರಸಾರ ಸಂಸ್ಥೆಯಲ್ಲಿ ಬರಹಗಾರರಾಗಿ ಸೇರಿದರು.

ಪ್ರಚಾರದ ರೈಲಿನಲ್ಲಿ ಕೊಟ್ಟ ಮಾತು

1952ರಲ್ಲಿ ರಿಪಬ್ಲಿಕನ್ ಪಕ್ಷ ಯುದ್ಧದ ವೀರ ಐಸೆನ್‌ಹೋವರ್ ಅವರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದಾಗ ಮಾರೋ ರಜೆ ಪಡೆದು ಪ್ರಚಾರದ ರೈಲು ಹತ್ತಿದರು. ಗುಲಾಮಗಿರಿ ತೊಲಗಿಸಿದ ಲಿಂಕನ್ ಅವರ ಪಕ್ಷ ಅದು. ಇತ್ತ ಡೆಮಾಕ್ರಟಿಕ್ ಪಕ್ಷದ ದಕ್ಷಿಣದ ಸೆನೆಟರುಗಳು ವರ್ಣಭೇದದ ಕಾವಲುಗಾರರಾಗಿದ್ದರು. ರಿಪಬ್ಲಿಕನ್ ಪಕ್ಷದೊಳಗೇ ಇದ್ದು ಕೆಲಸ ಮಾಡಬಹುದು ಎಂದು ನಂಬಲು ಆಗ ಕಾರಣಗಳಿದ್ದವು.

ಆದರೂ ಒಂದು ಮುಳ್ಳು ಮನಸ್ಸಿನಲ್ಲಿತ್ತು. ಸೇನೆಯ ಕೆಳಹಂತದ ತುಕಡಿಗಳಲ್ಲಿ ಕಪ್ಪು ಸೈನಿಕರನ್ನು ಬೇರೆ ಇಡುವುದೇ ಸರಿ ಎಂದು ಐಸೆನ್‌ಹೋವರ್ 1948ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿಕೆ ಕೊಟ್ಟಿದ್ದರು. ರೈಲಿನಲ್ಲಿ ಮಾರೋ ಅದನ್ನು ನೇರವಾಗಿ ಕೇಳಿಯೇ ಬಿಟ್ಟರು. ತಮ್ಮ ಕೈಕೆಳಗಿನ ದಕ್ಷಿಣದ ಅಧಿಕಾರಿಗಳ ಮಾತು ನಂಬಿ ಹಾಗೆ ಹೇಳಿದೆ ಎಂದು ಐಸೆನ್‌ಹೋವರ್ ವಿವರಿಸಿದರು. ನಿನ್ನ ತಂದೆ ಪಾದ್ರಿಯಲ್ಲವೇ, ಕ್ಷಮೆಯ ಬಗ್ಗೆ ಅವರು ಏನೂ ಕಲಿಸಿಲ್ಲವೇ ಎಂದು ಕೇಳಿದರು. ಮಾರೋ ಮನಸ್ಸು ಕರಗಿತು. ಐಸೆನ್‌ಹೋವರ್ ಒಳ್ಳೆಯವರು ಎಂಬ ಅವರ ನಂಬಿಕೆ ಕೊನೆಯವರೆಗೂ ಪೂರ್ತಿ ಅಳಿಯಲಿಲ್ಲ. ಒಳ್ಳೆಯತನವೊಂದೇ ಸಾಲದು ಎಂಬ ಅರಿವು ಮಾತ್ರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು.

ಗೆದ್ದ ಮೇಲೆ ಶ್ವೇತಭವನದಲ್ಲಿ ಕೆಲಸ ಕೊಡುತ್ತೇವೆ ಎಂದು ಮುಖಂಡರು ಮಾತು ಕೊಟ್ಟಿದ್ದರು. ಅದನ್ನು ನಂಬಿ ಮಾರೋ ಸಿಬಿಎಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ವಾರಗಳು ಕಳೆದವು, ತಿಂಗಳುಗಳು ಕಳೆದವು, ಕರೆ ಬರಲಿಲ್ಲ. ಕೊನೆಗೆ ಹುದ್ದೆ ಇಲ್ಲ ಎಂಬ ಉತ್ತರ ಬಂತು. ಕಪ್ಪು ಅಧಿಕಾರಿ ಬಂದರೆ ಕಚೇರಿಯ ಬಿಳಿ ಹೆಣ್ಣುಮಕ್ಕಳು ಕೆಲಸ ಬಿಟ್ಟು ಎದ್ದು ಹೋಗುತ್ತಾರೆ ಎಂದು ಒಳಗೆ ಯಾರೋ ಹೆದರಿಸಿದ್ದರು ಎಂಬುದು ಅವರಿಗೆ ಆಮೇಲೆ ತಿಳಿಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗಾಯಿತು. 1953ರಲ್ಲಿ ವಾಣಿಜ್ಯ ಇಲಾಖೆಯಲ್ಲಿ ಸಲಹೆಗಾರನ ಹುದ್ದೆಯೊಂದನ್ನು ಕೊಟ್ಟು ಅಲ್ಲಿ ಕೂರಿಸಿದರು. ಶ್ವೇತಭವನದ ಬಾಗಿಲು ತೆರೆದದ್ದು 1955ರ ಜುಲೈ 9ರಂದು. ಹುದ್ದೆಯ ಹೆಸರು ‘ವಿಶೇಷ ಯೋಜನೆಗಳ ಆಡಳಿತಾಧಿಕಾರಿ’.

ಬಾಗಿಲಲ್ಲಿ ನಿಂತ ಹುಡುಗಿ

ಕಪ್ಪು ಜನ ಶ್ವೇತಭವನಕ್ಕೆ ಹೊಸಬರಲ್ಲ. ಆ ಕಟ್ಟಡ ಎದ್ದದ್ದೇ ಗುಲಾಮರ ದುಡಿಮೆಯೂ ಸೇರಿ. ಅಡುಗೆಮನೆಯಲ್ಲಿ, ಊಟದ ಮೇಜಿನ ಬಳಿ, ಬಾಗಿಲ ಬಳಿ ತಲೆಮಾರುಗಳಿಂದ ಕಪ್ಪು ಕೈಗಳು ದುಡಿದಿದ್ದವು. ಐಸೆನ್‌ಹೋವರ್ ಅವರ ಬಟ್ಟೆಬರೆ ನೋಡಿಕೊಳ್ಳುತ್ತ ಯುದ್ಧಕಾಲದಿಂದಲೂ ನೆರಳಿನಂತೆ ಜೊತೆಗಿದ್ದ ಸಾರ್ಜೆಂಟ್ ಜಾನ್ ಮೋನಿ ಕೂಡ ಕಪ್ಪು ಮನುಷ್ಯ. ಟ್ರೇ ಹಿಡಿದು ಬರುವವರಿಗೆ ಜಾಗವಿತ್ತು. ಕಡತ ಹಿಡಿದು ಬರುವವರಿಗೆ ಇರಲಿಲ್ಲ. 1901ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಬುಕರ್ ಟಿ. ವಾಷಿಂಗ್ಟನ್ ಅವರನ್ನು ಕರೆದು ಒಂದು ಹೊತ್ತಿನ ಊಟ ಹಾಕಿದ್ದಕ್ಕೇ ದಕ್ಷಿಣದ ಪತ್ರಿಕೆಗಳು ಬೆಂಕಿ ಕಾರಿದ್ದವು. ಮಾರೋ ಬರುವ ಎರಡು ವರ್ಷ ಮುಂಚೆ, 1953ರ ಜೂನ್‌ವರೆಗೆ, ರಾಜಧಾನಿಯ ಎಷ್ಟೋ ಹೋಟೆಲುಗಳಲ್ಲಿ ಕಪ್ಪು ಜನ ಕೂತು ಊಟ ಮಾಡುವ ಹಾಗಿರಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಆ ಬಾಗಿಲು ತೆರೆದಿತ್ತು.

ಶ್ವೇತಭವನದ ಪಕ್ಕದ ಕಾರ್ಯಾಲಯ ಕಟ್ಟಡದಲ್ಲಿ ಮಾರೋ ಅವರಿಗೆ ಕೋಣೆ ಕೊಟ್ಟರು. ಕಾಗದಪತ್ರ ನೋಡಿಕೊಳ್ಳಲು, ಟೈಪ್ ಮಾಡಲು ಒಬ್ಬ ಕಾರ್ಯದರ್ಶಿ ಬೇಕಿತ್ತು. ಯಾರೂ ಒಪ್ಪಲಿಲ್ಲ. ಕೊನೆಗೆ ಒಂದು ದಿನ ಮ್ಯಾಸಚೂಸೆಟ್ಸ್ ಕಡೆಯ ಒಬ್ಬ ಬಿಳಿ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಕಣ್ಣಲ್ಲಿ ನೀರು. ಒಳಗೆ ಕಾಲಿಡಲು ಧೈರ್ಯ ಸಾಲದು, ತಿರುಗಿ ಹೋಗಲು ಮನಸ್ಸು ಒಪ್ಪದು. ಉಳಿದವರೆಲ್ಲ ಈ ಕೆಲಸ ಬೇಡವೆಂದರು, ನಾನು ಕ್ಯಾಥೊಲಿಕ್, ನನ್ನ ಧರ್ಮವನ್ನು ನಂಬುವವಳಾಗಿ ಬೇಡ ಎನ್ನಲಾರೆ ಎಂಬರ್ಥದಲ್ಲಿ ಆಕೆ ಹೇಳಿದಳೆಂದು ಮಾರೋ ನೆನಪಿಸಿಕೊಂಡಿದ್ದಾರೆ. ಅವರು ಆಕೆಯನ್ನು ಒಳಗೆ ಕರೆದು ಕೂರಿಸಿದರು.

ಈ ಒಂದು ದೃಶ್ಯದಲ್ಲಿ ಆ ಕಾಲದ ಅಮೆರಿಕವೇ ಇದೆ. ಒಬ್ಬ ಮೇಜರ್, ಒಬ್ಬ ವಕೀಲ, ಅಧ್ಯಕ್ಷರ ಸಹಾಯಕ; ಅವರ ಕೈಕೆಳಗೆ ಟೈಪ್ ಮಾಡುವುದಕ್ಕೆ ಒಬ್ಬ ಹುಡುಗಿ ಹೊಸ್ತಿಲಲ್ಲಿ ನಿಂತು ಅಳಬೇಕಾಯಿತು. ಹಾಗೆಯೇ ಇನ್ನೊಂದು ನಿಜವೂ ಅಲ್ಲಿದೆ. ಕಚೇರಿಯವರೆಲ್ಲ ಹಿಂದೆ ಸರಿದಾಗ ಆಕೆ ಅಳುತ್ತಲೇ ಹೊಸ್ತಿಲು ದಾಟಿದಳು.

ಬಹಳ ದಿನಗಳವರೆಗೆ ಕಚೇರಿಯ ಉಳಿದ ಹೆಣ್ಣುಮಕ್ಕಳು ಅವರ ಕೋಣೆಗೆ ಬರಬೇಕಾದರೆ ಇಬ್ಬಿಬ್ಬರಾಗಿ ಬರುತ್ತಿದ್ದರು, ಕಪ್ಪು ಗಂಡಸಿನ ಜೊತೆ ಒಬ್ಬಳೇ ಕೋಣೆಯಲ್ಲಿದ್ದಳು ಎಂಬ ಮಾತು ಬರಬಾರದೆಂದು. ಮಾರೋ ಕೂಡ ಪ್ರತಿ ಹೆಜ್ಜೆಯನ್ನೂ ಅಳೆದು ಇಡುತ್ತಿದ್ದರು. ತಾನು ಒಂದು ಸಲ ಎಡವಿದರೆ ಅದು ಇಡೀ ಜನಾಂಗದ ಎಡವು ಎಂದು ಲೆಕ್ಕವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕೆಲಸವೆಂದರೆ ಯಾರಿಗೆ ಯಾವ ಕೋಣೆ, ಯಾರ ಕಾರಿಗೆ ಎಲ್ಲಿ ಜಾಗ ಎಂಬಂಥವು. ವರ್ಣದ ಪ್ರಶ್ನೆಗಳು ಅವರ ಹುದ್ದೆಗೆ ಸೇರಿದ್ದವೇ ಅಲ್ಲ. ಆದರೂ ಕಪ್ಪು ಜನರ ಕಾಗದಗಳು, ಅಹವಾಲುಗಳು, ಬೈಗುಳಗಳು ಅವರ ಮೇಜಿಗೇ ಬಂದು ಬೀಳುತ್ತಿದ್ದವು. ಅಷ್ಟು ದೊಡ್ಡ ಕಟ್ಟಡದಲ್ಲಿ ತಮ್ಮವರೆಂದು ಜನಕ್ಕೆ ಕಾಣುತ್ತಿದ್ದುದು ಅವರೊಬ್ಬರೇ.

ಏಳು ವಾರಗಳಲ್ಲಿ ಬಂದ ಪರೀಕ್ಷೆ

ಮಾರೋ ಕೆಲಸಕ್ಕೆ ಸೇರಿ ಏಳು ವಾರ ಆಗಿತ್ತಷ್ಟೆ. 1955ರ ಆಗಸ್ಟ್ 28ರಂದು ಮಿಸಿಸಿಪ್ಪಿ ರಾಜ್ಯದಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನ ಕೊಲೆಯಾಯಿತು. ಶಿಕಾಗೊದಿಂದ ನೆಂಟರ ಊರಿಗೆ ಬಂದಿದ್ದ ಹುಡುಗ. ಅಂಗಡಿಯಲ್ಲಿದ್ದ ಬಿಳಿ ಹೆಂಗಸಿನ ಜೊತೆ ಸಲುಗೆ ತೋರಿದ ಎಂಬ ಆರೋಪ ಹೊರಿಸಿ ರಾತ್ರಿ ಮನೆಯಿಂದ ಎಳೆದೊಯ್ದು, ಹೊಡೆದು, ಗುಂಡಿಟ್ಟು ನದಿಗೆ ಎಸೆದರು. ತಾಯಿ ಮೇಮಿ ಮಗನ ಶವಪೆಟ್ಟಿಗೆಯನ್ನು ತೆರೆದಿಟ್ಟು, ಜಜ್ಜಿಹೋದ ಆ ಮುಖವನ್ನು ಲೋಕವೇ ನೋಡಲಿ ಎಂದರು. ಅಧ್ಯಕ್ಷರಿಗೆ ತಂತಿ ಕಳಿಸಿ ನ್ಯಾಯ ಕೇಳಿದರು. ಉತ್ತರ ಬರಲಿಲ್ಲ. ಸೆಪ್ಟೆಂಬರ್ 23ರಂದು ಬಿಳಿಯರೇ ತುಂಬಿದ್ದ ಜ್ಯೂರಿ ಒಂದು ಗಂಟೆಗೆ ತುಸು ಹೆಚ್ಚು ಹೊತ್ತಿನಲ್ಲಿ ಆರೋಪಿಗಳಿಬ್ಬರನ್ನೂ ನಿರ್ದೋಷಿಗಳೆಂದಿತು. ಕೆಲವೇ ತಿಂಗಳಲ್ಲಿ ಅವರಿಬ್ಬರೂ ಪತ್ರಿಕೆಯೊಂದಕ್ಕೆ ಕೊಲೆಯನ್ನು ಒಪ್ಪಿಕೊಂಡು ಹೇಳಿಕೆ ಕೊಟ್ಟರು.

ಶ್ವೇತಭವನ ತುಟಿ ಬಿಚ್ಚಲಿಲ್ಲ. ಮಾರೋ ಅವರಿಂದ ತಡೆದುಕೊಳ್ಳಲಾಗಲಿಲ್ಲ. ನವೆಂಬರ್ 29ರಂದು ಅವರು ಅಲ್ಪಸಂಖ್ಯಾತರ ವಿಷಯ ನೋಡಿಕೊಳ್ಳುತ್ತಿದ್ದ ಮ್ಯಾಕ್ಸ್‌ವೆಲ್ ರ‍್ಯಾಬ್ ಅವರಿಗೆ ಟಿಪ್ಪಣಿ ಬರೆದರು. ದಕ್ಷಿಣದಲ್ಲಿ ಹೊತ್ತಿ ಉರಿಯುವುದೊಂದೇ ಬಾಕಿ. ಎರಡೂ ಕಡೆ ಭಯ ಬೆಳೆಯುತ್ತಿದೆ. ಸರ್ಕಾರದ ಮೌನ ಕಪ್ಪು ಜನರ ಮನಸ್ಸನ್ನು ಕಹಿ ಮಾಡಿದೆ. ದೊಡ್ಡವರು ಯಾರಾದರೂ ಎರಡೂ ಕಡೆಯ ಮುಖಂಡರನ್ನು ಕರೆದು ಮಾತಾಡಬೇಕು ಎಂದು ಎಚ್ಚರಿಸಿದರು.

ಡಿಸೆಂಬರ್‌ನಲ್ಲಿ ರ‍್ಯಾಬ್ ಮಾರೋ ಅವರನ್ನು ಕರೆಸಿಕೊಂಡರು. ಒಳಗಿದ್ದವರಲ್ಲಿ ಕಪ್ಪು ಜನರ ಬಗ್ಗೆ ಒಂದಿಷ್ಟು ಕಾಳಜಿ ಇದ್ದವರು ರ‍್ಯಾಬ್. ಅವರೇ ಮಾರೋ ಅವರನ್ನು ತರಾಟೆಗೆ ತೆಗೆದುಕೊಂಡರು. ಸರ್ಕಾರ ಇಷ್ಟೆಲ್ಲ ಮಾಡಿದರೂ ನಿಮ್ಮವರಿಗೆ ಕೃತಜ್ಞತೆ ಇಲ್ಲ, ಹಕ್ಕು ಕೇಳುವ ಅವರ ದನಿ ಒರಟಾಗುತ್ತಿದೆ, ಇದರಿಂದ ಇದ್ದ ಸ್ನೇಹಿತರೂ ದೂರವಾಗುತ್ತಾರೆ ಎಂದರು. ಮಾರೋ ಎಲ್ಲವನ್ನೂ ಕೇಳಿಸಿಕೊಂಡು ತಮ್ಮ ಕೋಣೆಗೆ ಬಂದು ದಿನಚರಿಯಲ್ಲಿ ಬರೆದಿಟ್ಟರು.

ಹೊರಗೆ ಹೋದರೆ ಇನ್ನೊಂದು ಕಷ್ಟ. ಪಕ್ಷದ ಪರವಾಗಿ ಅವರು ಊರೂರಲ್ಲಿ ಭಾಷಣ ಮಾಡಬೇಕಿತ್ತು. ರಾಜಧಾನಿಯಲ್ಲಿ ಹೋಟೆಲು, ಸಿನಿಮಾ ಮಂದಿರಗಳ ಬಾಗಿಲು ತೆರೆದದ್ದು, ಸೇನೆಯಲ್ಲಿ ಬೇರೆ ಬೇರೆ ದಳಗಳು ಕೊನೆಗೊಂಡದ್ದು. ಹೇಳಿಕೊಳ್ಳಲು ಕೆಲವು ನಿಜವಾದ ಕೆಲಸಗಳಿದ್ದವು. ಆದರೆ ಮುಂದೆ ಕೂತ ಕಪ್ಪು ಜನ ಕೇಳುತ್ತಿದ್ದುದು ಎಮೆಟ್ ಟಿಲ್ ಬಗ್ಗೆ, ಶಾಲೆಗಳ ಬಗ್ಗೆ, ಮತದ ಹಕ್ಕಿನ ಬಗ್ಗೆ. ಅವರಿಗೆ ಕೊಡಲು ಮಾರೋ ಬಳಿ ಉತ್ತರ ಇರಲಿಲ್ಲ. ಒಳಗಿನವರ ಕಣ್ಣಿಗೆ ಅವರು ತಮ್ಮ ಜನರ ವಕೀಲ. ಹೊರಗಿನವರ ಕಣ್ಣಿಗೆ ಸರ್ಕಾರದ ವಕಾಲತ್ತು ಹಿಡಿದವರು. ಅತ್ತ ದರಿ, ಇತ್ತ ಹುಲಿ.

ಘಾನಾದಲ್ಲಿ ಆದ ಭೇಟಿ

1957ರ ಮಾರ್ಚ್‌ನಲ್ಲಿ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಘಾನಾದ ಸ್ವಾತಂತ್ರ್ಯೋತ್ಸವಕ್ಕೆ ಹೊರಟಾಗ ತಂಡದಲ್ಲಿ ಮಾರೋ ಇದ್ದರು. ಮಾರ್ಚ್ 6ರಂದು ಬ್ರಿಟಿಷ್ ಬಾವುಟ ಇಳಿದು ಹೊಸ ಬಾವುಟ ಏರುವುದನ್ನು ಅವರು ಕಣ್ಣಾರೆ ಕಂಡರು. ತಮ್ಮ ಪೂರ್ವಜರನ್ನು ಸಂಕೋಲೆ ಹಾಕಿ ಸಾಗಿಸಿದ್ದ ಪಶ್ಚಿಮ ಆಫ್ರಿಕಾದ ಕರಾವಳಿಗೆ ಈ ಮೊಮ್ಮಗ ಅಮೆರಿಕ ಸರ್ಕಾರದ ಪ್ರತಿನಿಧಿಯಾಗಿ ಬಂದಿಳಿದಿದ್ದರು.

ಅದೇ ಉತ್ಸವಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಕೂಡ ಬಂದಿದ್ದರು, ಘಾನಾದ ಪ್ರಧಾನಿ ಎನ್‌ಕ್ರೂಮಾ ಅವರ ಆಹ್ವಾನದ ಮೇಲೆ. ವಾಷಿಂಗ್ಟನ್‌ನಲ್ಲಿ ಎಷ್ಟು ಕೇಳಿದರೂ ಸಿಗದಿದ್ದ ಭೇಟಿ ಸಮುದ್ರದಾಚೆ ಸಿಕ್ಕಿತು. ನೀವು ಇಲ್ಲಿ ಯಾವ ಸ್ವಾತಂತ್ರ್ಯದ ಹಬ್ಬಕ್ಕೆ ಬಂದಿದ್ದೀರೋ ಅದನ್ನೇ ಕೇಳುತ್ತಿದ್ದೇವೆ ನಾವು, ಒಮ್ಮೆ ನಮ್ಮ ಅಲಬಾಮಾಕ್ಕೂ ಬನ್ನಿ ಎಂದು ಕಿಂಗ್ ನಿಕ್ಸನ್ ಅವರನ್ನು ಕರೆದರು. ಅಮೆರಿಕದ ಕಪ್ಪು ನಾಯಕನೊಬ್ಬ ತನ್ನದೇ ದೇಶದ ಉಪಾಧ್ಯಕ್ಷರ ಜೊತೆ ಎರಡು ಮಾತಾಡಲು ಆಫ್ರಿಕಾಕ್ಕೆ ಹೋಗಬೇಕಾಯಿತು.

ಹಿಂದಿರುಗಿದ ಮೇಲೆ ಮಾರೋ ಮತ್ತೆ ಟಿಪ್ಪಣಿಗಳಿಗೆ ಕೂತರು. ಆ ವರ್ಷದ ಮೇ 17ರಂದು ಲಿಂಕನ್ ಸ್ಮಾರಕದ ಮುಂದೆ ಸಾವಿರಾರು ಜನ ಸೇರಿ ಪ್ರಾರ್ಥನಾ ಸಭೆ ನಡೆಸಿದ್ದರು. ಜೂನ್ ಮೊದಲ ವಾರ ಅಧ್ಯಕ್ಷರ ಮುಖ್ಯ ಸಹಾಯಕ ಶರ್ಮನ್ ಆ್ಯಡಮ್ಸ್ ಅವರಿಗೆ ಮಾರೋ ಬರೆದರು: ಅಧ್ಯಕ್ಷರು ಕಪ್ಪು ಜನರ ನಾಯಕರನ್ನು ಕರೆದು ಮಾತಾಡಲೇಬೇಕು. ಸೆಪ್ಟೆಂಬರ್‌ನಲ್ಲಿ ಅರ್ಕನ್ಸಾದ ಲಿಟಲ್ ರಾಕ್ ಊರಿನಲ್ಲಿ 9 ಮಂದಿ ಕಪ್ಪು ವಿದ್ಯಾರ್ಥಿಗಳು ಹೈಸ್ಕೂಲಿಗೆ ಕಾಲಿಡದಂತೆ ಗವರ್ನರ್ ಫಾಬಸ್ ಕಾವಲು ಪಡೆ ನಿಲ್ಲಿಸಿದರು. ಸುಪ್ರೀಂ ಕೋರ್ಟಿನ ತೀರ್ಪಿಗೇ ಎದುರು ನಿಂತಾಗ ಐಸೆನ್‌ಹೋವರ್ ಸುಮ್ಮನಿರಲಿಲ್ಲ. ಸೇನೆಯ 101ನೇ ಏರ್‌ಬೋರ್ನ್ ವಿಭಾಗದ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಿ ಮಕ್ಕಳನ್ನು ಶಾಲೆಯೊಳಗೆ ಕರೆದೊಯ್ಯಿಸಿದರು. ಅದೇ ತಿಂಗಳು ಹೊಸ ನಾಗರಿಕ ಹಕ್ಕುಗಳ ಕಾಯ್ದೆಗೂ ಸಹಿ ಹಾಕಿದ್ದರು. ಇವು ಸಣ್ಣ ಕೆಲಸಗಳಲ್ಲ. ಆದರೆ ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದ 1954ರ ತೀರ್ಪು ನೀತಿಯ ದೃಷ್ಟಿಯಿಂದ ಸರಿ ಎಂಬ ಒಂದು ಮಾತನ್ನು ಅಧ್ಯಕ್ಷರ ಬಾಯಿಂದ ಕೇಳಲು ಮಾರೋ ಕಾಯುತ್ತಲೇ ಉಳಿದರು. ಸೈನ್ಯ ಕಳಿಸಿದ ಕೈ ಆ ಮಾತನ್ನು ಕೊಡಲಿಲ್ಲ.

1958ರ ಮೇ 12ರ ಆ ಭಾಷಣದಿಂದ ಒಂದು ಒಳ್ಳೆಯದಾಯಿತು. ಕಪ್ಪು ಪತ್ರಿಕೆಗಳ ಸಿಟ್ಟು ಶ್ವೇತಭವನಕ್ಕೂ ತಟ್ಟಿತು. ಮಾರೋ, ರೊಕ್ಕೊ ಸಿಸಿಲಿಯಾನೊ ಎಂಬ ಇನ್ನೊಬ್ಬ ಸಹಾಯಕರ ಜೊತೆ ಸೇರಿ, ವರ್ಷಗಳಿಂದ ಕೇಳುತ್ತಿದ್ದ ಭೇಟಿಯನ್ನು ಏರ್ಪಡಿಸಿದರು. 1958ರ ಜೂನ್ 23ರಂದು ಹಕ್ಕುಗಳ ಹೋರಾಟದ ನಾಯಕರಾದ ಎ. ಫಿಲಿಪ್ ರಾಂಡಾಲ್ಫ್, ರಾಯ್ ವಿಲ್ಕಿನ್ಸ್, ಲೆಸ್ಟರ್ ಗ್ರ್ಯಾಂಜರ್ ಮತ್ತು 29 ವರ್ಷದ ಕಿಂಗ್ ಅಧ್ಯಕ್ಷರೆದುರು ಕೂತು ಒಂಬತ್ತು ಬೇಡಿಕೆಗಳ ಪತ್ರ ಕೊಟ್ಟರು. ಎಂಟು ವರ್ಷದ ಆಡಳಿತದಲ್ಲಿ ಹೋರಾಟದ ನಾಯಕರ ತಂಡವನ್ನು ಐಸೆನ್‌ಹೋವರ್ ಹೀಗೆ ಕೂರಿಸಿಕೊಂಡು ಮಾತಾಡಿದ್ದು ಅದೊಂದೇ ಬಾರಿ. ಇಷ್ಟು ವರ್ಷ ಇಷ್ಟೆಲ್ಲ ಮಾಡಿದ ಮೇಲೂ ಈ ಜನರಲ್ಲಿ ಇನ್ನೂ ಕಹಿ ಇದೆಯೇ ಎಂದು ಅಧ್ಯಕ್ಷರಿಗೆ ಬೇಸರವಾಯಿತು. ಮಾತುಕತೆ ಮುಗಿಯಿತು, ಬೇಡಿಕೆಗಳಲ್ಲಿ ಹೆಚ್ಚಿನವು ಕಡತ ಸೇರಿದವು.

ಅದೇ ವರ್ಷ ಆ್ಯಡಮ್ಸ್ ಹೋಗಿ ಅಲಬಾಮಾದ ಜನರಲ್ ವಿಲ್ಟನ್ ಪರ್ಸನ್ಸ್ ಮುಖ್ಯ ಸಹಾಯಕರಾದರು. ನಾಗರಿಕ ಹಕ್ಕಿನ ವಿಷಯ ದಯವಿಟ್ಟು ನನ್ನ ಹತ್ತಿರ ತರಬೇಡಿ, ಅದು ನನ್ನ ಮನೆಯವರನ್ನೇ ಒಡೆದಿದೆ ಎಂದು ಅವರು ಮಾರೋ ಅವರನ್ನು ಕರೆದು ಕೇಳಿಕೊಂಡರು. ಇನ್ನು ಮಾರೋ ಅವರ ಹುದ್ದೆಗೆ ವಿಧಿವತ್ತಾದ ಪ್ರಮಾಣವಚನ ಆದದ್ದು 1959ರ ಜನವರಿಯಲ್ಲಿ. ಕೆಲಸಕ್ಕೆ ಸೇರಿ ಆಗಲೇ ಮೂರೂವರೆ ವರ್ಷ ಸಂದಿತ್ತು.

ಹೋಗದ ತಂತಿ

1960ರ ಚುನಾವಣೆಯಲ್ಲಿ ನಿಕ್ಸನ್ ಮತ್ತು ಜಾನ್ ಎಫ್. ಕೆನಡಿ ಎದುರಾಳಿಗಳು. ಮಾರೋ ಶ್ವೇತಭವನದಿಂದ ರಜೆ ಪಡೆದು ನಿಕ್ಸನ್ ಪ್ರಚಾರಕ್ಕೆ ಹೋದರು. ಖರ್ಚಿಗೆ ಹಣವಿಲ್ಲ, ನೆರವಿಗೆ ಜನವಿಲ್ಲ, ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ದಕ್ಷಿಣದ ಬಿಳಿಯರ ಮತಗಳ ಆಸೆ ಪಕ್ಷಕ್ಕೆ ಹತ್ತಿತ್ತು.

ಅಕ್ಟೋಬರ್ 19ರಂದು ಅಟ್ಲಾಂಟಾದ ರಿಚ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಧರಣಿ ಕೂತಿದ್ದ ವಿದ್ಯಾರ್ಥಿಗಳ ಜೊತೆ ಕಿಂಗ್ ಅವರ ಬಂಧನವಾಯಿತು. ಹಳೆಯ ಸಂಚಾರ ನಿಯಮದ ಪ್ರಕರಣವೊಂದನ್ನು ಎತ್ತಿ ನ್ಯಾಯಾಧೀಶರು ನಾಲ್ಕು ತಿಂಗಳ ಕಠಿಣ ಸಜೆ ವಿಧಿಸಿ, ರಾತ್ರೋರಾತ್ರಿ ರೀಡ್ಸ್‌ವಿಲ್ ಸೆರೆಮನೆಗೆ ಸಾಗಿಸಿದರು. ಹೆಂಡತಿ ಕೊರೆಟ್ಟಾ ಆಗ ಬಸುರಿ. ಗಂಡ ಜೀವಂತ ಹೊರಬರುತ್ತಾರೋ ಇಲ್ಲವೋ ಎಂಬ ಭಯ ಆಕೆಗೆ.

ಮಾರೋ ನಿಕ್ಸನ್ ತಂಡದ ಬೆನ್ನು ಬಿದ್ದರು. ಒಂದು ಮಾತು ಹೇಳಿ, ಆ ಹೆಣ್ಣುಮಗಳಿಗೆ ಒಂದು ಸಮಾಧಾನದ ತಂತಿ ಕಳಿಸಿ ಎಂದು ಅಂಗಲಾಚಿದರು. ತಂತಿಯ ಒಕ್ಕಣೆಯನ್ನು ತಾವೇ ಬರೆದು ಕೊಟ್ಟರು. ಯೋಚಿಸೋಣ ಎಂದರು. ತಂತಿ ಹೋಗಲಿಲ್ಲ. ಅಕ್ಟೋಬರ್ 26ರಂದು ಕೆನಡಿ ಕೊರೆಟ್ಟಾ ಅವರಿಗೆ ಫೋನ್ ಮಾಡಿ ಎರಡು ನಿಮಿಷ ಮಾತಾಡಿದರು. ಮರುದಿನ ಕಿಂಗ್ ಬಿಡುಗಡೆಯಾದರು. ಅದುವರೆಗೆ ನಿಕ್ಸನ್ ಪರವಿದ್ದ ಕಿಂಗ್ ಅವರ ತಂದೆ ಬಹಿರಂಗವಾಗಿ ಕೆನಡಿ ಕಡೆ ವಾಲಿದರು. ಆ ಒಂದು ಫೋನ್ ಕರೆಯ ಕಥೆ ಹೇಳುವ ಕಿರುಹೊತ್ತಿಗೆಗಳು ಲಕ್ಷಗಟ್ಟಲೆ ಅಚ್ಚಾಗಿ, ಚುನಾವಣೆಗೆ ಮುಂಚಿನ ಭಾನುವಾರ ಕಪ್ಪು ಜನರ ಚರ್ಚುಗಳಲ್ಲಿ ಕೈಯಿಂದ ಕೈಗೆ ದಾಟಿದವು.

1956ರಲ್ಲಿ ಐಸೆನ್‌ಹೋವರ್ ಅವರಿಗೆ ಕಪ್ಪು ಮತದಾರರಲ್ಲಿ ನೂರಕ್ಕೆ ಸುಮಾರು 39 ಮಂದಿ ಮತ ಹಾಕಿದ್ದರು. 1960ರಲ್ಲಿ ನಿಕ್ಸನ್ ಅವರಿಗೆ ಸಿಕ್ಕಿದ್ದು ಸುಮಾರು 32. ಸುಮಾರು 6.9 ಕೋಟಿ ಮತಗಳು ಬಿದ್ದ ಆ ಚುನಾವಣೆಯಲ್ಲಿ ಕೆನಡಿ ಗೆದ್ದದ್ದು 1.13 ಲಕ್ಷದಷ್ಟು ಮತಗಳ ಅಂತರದಿಂದ. ಇಷ್ಟು ಸಣ್ಣ ಅಂತರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಮಾರೋ ಮೊದಲೇ ಬರೆದು ಕೈಗೆ ಕೊಟ್ಟಿದ್ದರು.

ಕೆಲಸ ಸಿಗದ ಅಧಿಕಾರಿ

ಆಡಳಿತ ಮುಗಿಯುತ್ತ ಬಂತು. ಶ್ವೇತಭವನದ ಸಹಾಯಕರಿಗೆಲ್ಲ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ ದೊಡ್ಡ ಹುದ್ದೆಗಳು ಕಾದಿದ್ದವು. ಮಾರೋ ಅವರಿಗೆ ಒಂದೂ ಕರೆ ಬರಲಿಲ್ಲ. ಐಸೆನ್‌ಹೋವರ್ ಮಾರೋ ಅವರನ್ನು ಕರೆದು, ತಮ್ಮ ಪರಿಚಯದವರನ್ನೆಲ್ಲ ಕೇಳಿ ನೋಡಿದ್ದಾಗಿಯೂ ಯಾರೂ ಮುಂದೆ ಬರಲಿಲ್ಲವೆಂದೂ ನೊಂದು ಹೇಳಿದರು. ಯುರೋಪಿನಲ್ಲಿ ಮಹಾಯುದ್ಧ ಗೆದ್ದ ಸೇನಾನಿ, ಎರಡು ಬಾರಿಯ ಅಧ್ಯಕ್ಷ. ತಮ್ಮ ಕೈಕೆಳಗೆ ಐದೂವರೆ ವರ್ಷ ದುಡಿದ ಒಬ್ಬ ಕಪ್ಪು ವಕೀಲನಿಗೆ ಒಂದು ಕೆಲಸ ಕೊಡಿಸುವುದು ಅವರಿಂದಲೂ ಆಗಲಿಲ್ಲ. ತಾಳ್ಮೆಯಿರಲಿ ಎಂದು ಎರಡು ವರ್ಷದ ಹಿಂದೆ ಹೇಳಿದ್ದವರಿಗೆ ಆ ತಾಳ್ಮೆಯ ಬೆಲೆ ಎಷ್ಟೆಂಬುದು ಆ ಕೋಣೆಯಲ್ಲಿ ಎದುರಿಗೇ ನಿಂತಿತ್ತು.

ಮಾರೋ ಕೆಲಕಾಲ ಆಫ್ರಿಕಾ ಕುರಿತ ಸಂಸ್ಥೆಯೊಂದರಲ್ಲಿ ದುಡಿದು, 1964ರಲ್ಲಿ ಬ್ಯಾಂಕ್ ಆಫ್ ಅಮೆರಿಕಾ ಸೇರಿದರು. ಅಲ್ಲಿ ಉಪಾಧ್ಯಕ್ಷ ಹುದ್ದೆಯವರೆಗೆ ಏರಿ 1975ರಲ್ಲಿ ನಿವೃತ್ತರಾದರು. ಅದಕ್ಕೂ ಮುಂಚೆ 1963ರಲ್ಲಿ ಅವರ ಶ್ವೇತಭವನದ ದಿನಚರಿ ‘ಬ್ಲ್ಯಾಕ್ ಮ್ಯಾನ್ ಇನ್ ದ ವೈಟ್ ಹೌಸ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಮುಂದೆ ಬಾಲ್ಯದ ಬಗ್ಗೆ ಒಂದು, ಇಡೀ ಬದುಕಿನ ಬಗ್ಗೆ ಇನ್ನೊಂದು ಪುಸ್ತಕ ಬರೆದರು. 1994ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಅಮೆರಿಕದ ಆ ದಶಕದ ಕಥೆ ಹೇಳುವವರು ಮಾರೋ ಹೆಸರನ್ನು ಎತ್ತುವುದು ಅಪರೂಪ. ಶ್ವೇತಭವನದಲ್ಲಿ 34 ವರ್ಷ ಬಡಿಸುವ ಕೆಲಸ ಮಾಡಿದ ಯೂಜಿನ್ ಆ್ಯಲನ್ ಅವರ ಬದುಕಿನಿಂದ ಸ್ಫೂರ್ತಿ ಪಡೆದು 2013ರಲ್ಲಿ ಹಾಲಿವುಡ್ ಚಿತ್ರ ಬಂತು, ಲೋಕವೆಲ್ಲ ನೋಡಿತು. ಆ್ಯಲನ್ ಆ ಗೌರವಕ್ಕೆ ಪೂರ್ತಿ ಅರ್ಹರು. ಮಾರೋ ಅವರ ಪಾಲಿಗೆ ಅಂಥದ್ದೇನೂ ಬರಲಿಲ್ಲ. ಚಳವಳಿಯವರಿಗೆ ಅವರು ಬೀದಿಗಿಳಿಯದ ರಿಪಬ್ಲಿಕನ್. ಪಕ್ಷದವರಿಗೆ ಒಳಮನೆಯ ಮಾತನ್ನು ಹೊರಗೆ ಹಾಕಿದವರು. ಎರಡೂ ಕಡೆಯವರಿಗೆ ಅವರನ್ನು ಮರೆಯುವುದು ಸುಲಭವಾಯಿತು.

ಬೀದಿಯಲ್ಲಿ ಲಾಠಿಗೆ ಮೈಯೊಡ್ಡಿದವರ ತ್ಯಾಗಕ್ಕೆ ಸಮನಾದುದು ಇಲ್ಲ. ಆದರೆ ತೀರ್ಮಾನ ಮಾಡುವ ಕೋಣೆಗಳಲ್ಲಿ ಒಬ್ಬರೇ ಕೂತು, ಯಾರೂ ಕೇಳಿಸಿಕೊಳ್ಳದ ನಿಜವನ್ನು ಮತ್ತೆ ಮತ್ತೆ ಕಾಗದದ ಮೇಲೆ ಹೇಳುವುದಕ್ಕೂ ಒಂದು ಧೈರ್ಯ ಬೇಕು. ಅದಕ್ಕೆ ಮೆರವಣಿಗೆಯ ಬಲವಿಲ್ಲ, ಹಾಡಿನ ಆಸರೆಯಿಲ್ಲ, ಜೊತೆಗೆ ನಡೆಯುವವರಿಲ್ಲ. ಯಾವ ದೇಶವಾದರೂ ಸರಿ, ತುಳಿತಕ್ಕೊಳಗಾದವರಿಗೆ ಒಂದು ಕುರ್ಚಿ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆ ಕುರ್ಚಿಯಲ್ಲಿ ಕೂತವರ ಮಾತು ತೀರ್ಮಾನದವರೆಗೆ ಹೋಗಬೇಕು.

ಅವರ ಟಿಪ್ಪಣಿಗಳು ಇಂದು ಕ್ಯಾನ್ಸಸ್ ರಾಜ್ಯದ ಅಬಿಲೀನ್‌ನಲ್ಲಿರುವ ಐಸೆನ್‌ಹೋವರ್ ಗ್ರಂಥಾಲಯದಲ್ಲಿವೆ. ಟೈಪ್ ಮಾಡಿದ ಸಾದಾ ಹಾಳೆಗಳು. ಅವುಗಳ ತಲೆಯ ಮೇಲಿನ ತಾರೀಖು ನೋಡಬೇಕು. ದಕ್ಷಿಣ ಹೊತ್ತಿ ಉರಿಯುವುದರಲ್ಲಿದೆ ಎಂದು ಮಾರೋ ಬರೆದ ದಿನ 1955ರ ನವೆಂಬರ್ 29. ಅದಾಗಿ ಎರಡೇ ದಿನಕ್ಕೆ, ಡಿಸೆಂಬರ್ 1ರ ಸಂಜೆ, ಅಲಬಾಮಾದ ಮಾಂಟ್ಗೊಮರಿಯಲ್ಲಿ ಹೊಲಿಗೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದೆ ಕೂತರು.